ಕೆರೆಗೂ ಒಂದು ಆಯ

ಹೇಳಿದ ಹೊತ್ತಿಗೆ ಒಮ್ಮೆಯೂ ಬಾರದೆ, ಆದರೂ ನನ್ನ ಗೌರವವನ್ನು ಪೂರ್ತಿಯಾಗಿ ಉಳಿಸಿಕೊಂಡ ಮನುಷ್ಯ ನನ್ನ ಬದುಕಿನಲ್ಲಿ ಒಬ್ಬರೇ. ಅವರು ತೀರಿಕೊಂಡರೆಂದು ಹೋದ ವಾರ ಕಂಪ್ಲಿ ಬಸ್ಸಿನಲ್ಲಿ ಸಿಕ್ಕ ಹಳೆಯ ಶಿಷ್ಯನೊಬ್ಬ ಹೇಳಿದ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೋಗಿ ಮಾಡಬೇಕಾಗಿದ್ದ ನಮಸ್ಕಾರವನ್ನು ಕೂತು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಎಲ್ಲಿಯಾದರೂ ತಮ್ಮ ಹೆಸರು ಕಂಡರೆ ಅವರಿಗೆ ಮೈಮೇಲೆ ಹುಳ ಬಿಟ್ಟಂತಾಗುತ್ತಿತ್ತು. ಊರಿನವರಿಗೆ ಅವರು ಗಿರಣಿ ಸಾಹುಕಾರರು, ನನಗೂ ಹಾಗೆಯೇ. ನಾನು ಆ ಊರಿನ ಸರ್ಕಾರಿ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯನಾಗಿ ಹೋದದ್ದು ಗಣಿಯ ಗದ್ದಲ ಏರುತ್ತಿದ್ದ ಕಾಲದಲ್ಲಿ. ಕಂಪ್ಲಿ ರಸ್ತೆಯಿಂದ ಒಂದಿಷ್ಟು ಒಳಗಿನ ಊರು. ಕಾಲುವೆಯ ನೀರು, ಭತ್ತ, ಬಾಳೆ, ಕಬ್ಬು, ನಡುವೆ ಒಂದು ಕೆರೆ, ಕೆರೆಯ ಪಕ್ಕದಲ್ಲಿ ಇವರ ಅಕ್ಕಿ ಗಿರಣಿ.

ಆಳು ಎತ್ತರ, ಅಗಲ ಎರಡರಲ್ಲೂ ದೊಡ್ಡವರು. ಹಣೆಯ ಮೇಲೆ ವಿಭೂತಿ, ಹುಬ್ಬಿನ ಮೇಲೆ ತೌಡು. ಮಧ್ಯಾಹ್ನದ ಹೊತ್ತಿಗೆ ಯಾವುದು ಹಚ್ಚಿದ್ದು, ಯಾವುದು ಹಾರಿ ಕೂತದ್ದು ಎಂದು ಹೇಳುವುದು ಕಷ್ಟ. ಗಿರಣಿಯ ಸದ್ದಿನಲ್ಲೇ ಬೆಳೆದವರಾದ್ದರಿಂದ ಮೆಲ್ಲಗೆ ಮಾತಾಡುವ ವಿದ್ಯೆ ಅವರಿಗೆ ಬಂದಿರಲಿಲ್ಲ. ಗುಟ್ಟು ಹೇಳಬೇಕೆಂದರೆ ನಿಮ್ಮ ಕಿವಿಯ ಹತ್ತಿರ ಬಾಯಿ ತಂದು ಕೂಗುತ್ತಿದ್ದರು. ಹೀಗಾಗಿ ಅವರ ಮನೆಯ ಒಳಗಿನ ಮಾತೆಲ್ಲ ಬಸ್‌ಸ್ಟ್ಯಾಂಡಿನವರೆಗೆ ತಲುಪಿರುತ್ತಿತ್ತು.

ನಾನು ಶಾಲೆ ಸೇರಿದ ಮೊದಲ ವರ್ಷ ಧ್ವಜವಂದನೆಗೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೆ. ಧ್ವಜ ಏರಿತು, ಭಾಷಣ ಮುಗಿಯಿತು, ಮಕ್ಕಳು ಬೂಂದಿ ತಿಂದು ಮನೆಗೆ ಹೋದರು. ಮೈದಾನ ಗುಡಿಸುತ್ತಿದ್ದಾಗ ಬಂದರು. ಚಪ್ಪಲಿ ಬಿಟ್ಟು ಕಂಬದ ಮುಂದೆ ಒಬ್ಬರೇ ನೆಟ್ಟಗೆ ನಿಂತು ವಂದನೆ ಮಾಡಿದರು. ನನ್ನ ಮುಖ ನೋಡಿ, "ಧ್ವಜ ಎಲ್ಲೂ ಹೋಗಿಲ್ಲಲ್ರಿ ಮಾಸ್ತರ್ರ, ನಾನ ತಡಾ ಆದೆ. ನಿಮ್ಮದು ಶಾಲಿ ಗಂಟಿ, ನಂದು ಹೊಟ್ಟಿ ಗಂಟಿ" ಎಂದರು. ಗಡಿಯಾರ ನೋಡಿ ನೀರು ಕುಡಿಯುವ ಶಿಸ್ತಿನಲ್ಲಿ ಬೆಳೆದವನು ನಾನು. ಅಂದು ಈ ಮನುಷ್ಯನೊಂದಿಗೆ ನನ್ನ ಲೆಕ್ಕ ಕೂಡುವುದಿಲ್ಲ ಎಂದುಕೊಂಡೆ.

ಗಿರಣಿಗೆ ಬಂದ ಭತ್ತವನ್ನು ಪರೀಕ್ಷಿಸುವ ಅವರ ರೀತಿ ನೋಡಲು ಚೆನ್ನಾಗಿತ್ತು. ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಂದನ್ನು ಮುಂದಿನ ಹಲ್ಲಿನ ನಡುವೆ ಇಟ್ಟು ಕಡಿಯುತ್ತಿದ್ದರು. ಟಕ್ ಎಂದರೆ ಒಣಗಿದೆ, ಸದ್ದಿಲ್ಲದಿದ್ದರೆ ಹಸಿ. "ನಿನ್ನ ಭತ್ತ ಇನ್ನಾ ಸ್ನಾನ ಮಾಡಾಕತ್ತೈತಲೇ. ಮೈ ಒರಸಿ ಕರ್ಕೊಂಡು ಬಾ" ಎಂದು ರೈತನನ್ನು ವಾಪಸ್ ಕಳಿಸುತ್ತಿದ್ದರು. ಕಳಿಸಿದ ಮೇಲೆ ಅವನ ಹಿಂದೆಯೇ ಕೂಗಿ, ಒಣಗಿಸಲು ತಮ್ಮ ಗಿರಣಿಯ ಅಂಗಳವನ್ನೇ ಬಿಟ್ಟುಕೊಡುತ್ತಿದ್ದರು.

ಇನ್ನು ಅವರ ಮನೆ. ತಂದೆ ಬೇಗ ತೀರಿಕೊಂಡಿದ್ದರು. ಒಬ್ಬನೇ ತಮ್ಮ, ಅವನನ್ನು ಬೆಳೆಸಿದವರು ಇವರೇ. ಆ ತಮ್ಮನಿಗೂ ನಾನು ನೋಡುವ ಹೊತ್ತಿಗೆ ತಲೆ ನರೆತಿತ್ತು, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಆದರೂ ಅಣ್ಣನ ಎದುರು ಕುರ್ಚಿಯ ಮೇಲೆ ಕೂಡುತ್ತಿರಲಿಲ್ಲ. ಎಮ್ಮೆ ಕೊಳ್ಳುವುದಿದ್ದರೂ ಅಣ್ಣನನ್ನು ಕೇಳಬೇಕು, ಬೋರು ಹಾಕಿಸುವುದಿದ್ದರೂ ಅಣ್ಣನನ್ನು ಕೇಳಬೇಕು. ಹಿಂದೆಯೇ ಪಾಲಾಗಿತ್ತು. ಒಂದೇ ಮನೆ, ಎರಡು ಒಲೆ. ಪಾಲಿನಲ್ಲಿ ಅಣ್ಣನಿಗೆ ಗಿರಣಿ ಬಂದಿತ್ತು. ತಮ್ಮನಿಗೆ ಗದ್ದೆಯ ಒಂದು ತುಂಡು, ಮತ್ತು ಕೆರೆಯ ಮೇಲ್ಭಾಗದ ಜಂಬಿನ ಬಯಲು.

ಈ ಬಯಲನ್ನು ಸ್ವಲ್ಪ ವಿವರಿಸಬೇಕು. ಊರಿನ ಗದ್ದೆಗಳಿಂದ ಬಸಿದು ಬರುವ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತಿತ್ತು. ಆಳೆತ್ತರದ ಜಂಬು ಹುಲ್ಲು, ಮೊಣಕಾಲಿನವರೆಗೆ ಕೆಸರು. ಗದ್ದೆಯಿಂದ ಕದಡಿ ಬಂದ ನೀರು ಆ ಹುಲ್ಲಿನೊಳಗೆ ತಡವರಿಸಿ, ತಿಳಿಯಾಗಿ ಕೆರೆಗೆ ಇಳಿಯುತ್ತಿತ್ತು. ಊರಿನ ಬಾವಿಗಳು ಕೆರೆಯನ್ನು ನಂಬಿದ್ದವು. ಕಾಗದದ ಮೇಲೆ ಖಾಸಗಿ ಜಮೀನು, ಬಳಕೆಯಲ್ಲಿ ಇಡೀ ಊರಿನದು. ಹೆಂಗಸರು ಜಂಬು ಕೊಯ್ದು ಚಾಪೆ ಹೆಣೆಯುತ್ತಿದ್ದರು, ಎಮ್ಮೆಗಳು ಬಿಸಿಲಿಗೆ ಅಲ್ಲೇ ಮುಳುಗಿ ಕೂಡುತ್ತಿದ್ದವು. ಚಳಿಗಾಲದಲ್ಲಿ ಎಲ್ಲೆಲ್ಲಿಯದೋ ಬಾತುಗಳು ಬಂದಿಳಿದು ನನ್ನ ಬೆಳಗಿನ ಪ್ರಾರ್ಥನೆಗೆ ಭಂಗ ತರುತ್ತಿದ್ದವು. ಬಯಲಿನ ಎತ್ತರದ ಅಂಚಿನಲ್ಲಿ ಊರಿನ ಕಣ. ಅದಕ್ಕೆ ಬೇಲಿಯಿರಲಿಲ್ಲ. ಬೇಲಿ ಹಾಕಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಆಗ ಅದಿರು ಬಂತು. ಸಂಡೂರಿನ ಗುಡ್ಡಗಳಿಂದ ಕೆಂಪು ಮಣ್ಣು ಹೊತ್ತ ಲಾರಿಗಳು ರಸ್ತೆಯ ಮೇಲೆ ಸಾಲುಗಟ್ಟಿ ನಿಂತವು. ನಮ್ಮ ಊರಿನ ಬಾಳೆ ಎಲೆಗಳೂ ಕೆಂಪಾದವು. ಎತ್ತು ಮಾರಿ ಟಿಪ್ಪರಿಗೆ ಮುಂಗಡ ಕಟ್ಟಿದವರಿದ್ದರು. ಅದಿರನ್ನು ರಾಶಿ ಹಾಕಿ ಇಟ್ಟುಕೊಳ್ಳಲು ಜಾಗ ಬೇಕಿತ್ತು. ಗಣಿಯವರ ಕಡೆಯವರು ರಸ್ತೆಗೆ ಹತ್ತಿರವಾದ ಬಯಲುಗಳನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದರು.

ಸಂಜೆ ಕೆರೆಯ ಏರಿಯ ಮೇಲೆ ನಡೆಯುವುದು ನನ್ನ ನಿಯಮ. ಸಾಹುಕಾರರು ಯಾವಾಗಲೋ ಒಮ್ಮೆ ಎಲ್ಲಿಂದಲೋ ಬಂದು ನಡುದಾರಿಯಲ್ಲಿ ಕೂಡಿಕೊಳ್ಳುತ್ತಿದ್ದರು. ಅಂದು ಬಂದವರೇ ದಾರಿಗೆ ಅಡ್ಡ ನಿಂತರು.

"ಮಾಸ್ತರ್ರ, ನಮ್ಮ ತಮ್ಮನ ಜಂಬಿಗೆ ಗಿರಾಕಿ ಬಂದೈತಿ."

"ಯಾರು?"

"ಅದಿರು ಸುರುವೋರು. ಗರಸು ತುಂಬಿ, ಸುತ್ತ ತಂತಿ ಬಿಗಿದು ಯಾರ್ಡು ಮಾಡ್ತಾರಂತ. ಸಂಡೂರಿನ ಗುಡ್ಡ ತಂದು ನಮ್ಮ ಕೆರಿ ತಲಿ ಮ್ಯಾಲೆ ಇಡ್ತಾರಂತ."

"ನೀವು ಬೇಡ ಅಂತ ಒಂದು ಮಾತು ಹೇಳಿದರೆ ನಿಮ್ಮ ತಮ್ಮ ಕೊಡುವುದಿಲ್ಲವಲ್ಲ?"

"ಕೊಡಂಗಿಲ್ಲ. ಅದಕ್ಕ ಹೇಳಬಾರದು." ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಪಾಲು ಆದಾಗ ನನಗ ಗಿರಣಿ ಬಂತು, ಅವಗ ಜಂಬು ಬಂತು. ಇಷ್ಟು ವರ್ಷ ನಾನು ಅಕ್ಕಿ ತಿಂದೆ, ಅವ ಕಪ್ಪಿ ಕೂಗೋದು ಕೇಳ್ಕೋತ ಕುಂತ. ಈಗ ಕಪ್ಪಿಗೆ ರೇಟ್ ಬಂದೈತಿ. ಬ್ಯಾಡ ಬಿಡಪಾ ಅನ್ನಾಕ ನಾನ್ಯಾರು?"

"ಹಾಗಾದರೆ ಮಾರಲಿ ಬಿಡಿ."

"ಮಾರಲಿ. ಆದ್ರ ಊರಿಗೆ ಮಾರಲಿ."

ನನಗೆ ಅರ್ಥವಾಗಲಿಲ್ಲ. ನೀವೇ ಕೊಂಡುಬಿಡಿ, ನಿಮಗೇನು ಕೊರತೆ ಎಂದೆ.

"ನಾನ ಕೊಂಡ್ರ ನಾಳೆ ನನ್ನ ಮಗ ಮಾರ್ತಾನ. ಊರಿಗೆ ದಾನ ಕೊಟ್ರ ನನ್ನ ಮೊಮ್ಮಗ ಕೋರ್ಟಿಗೆ ಹೋಗಿ ವಾಪಸ್ ಕೇಳ್ತಾನ. ಊರ ಮಂದಿ ಎಲ್ಲಾ ಕೈಹಾಕಿ ಕೊಂಡದ್ದನ್ನ ಯಾವನ ಮಗ ಕೇಳ್ತಾನ್ರಿ?"

ಏರಿಯ ಮೇಲೆ ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸರೆಲ್ಲ ಈ ಮಾತು ಕೇಳಿಸಿಕೊಂಡರು. ಅವರ ಕಂಠ ಅಂಥದು. ಮರುದಿನದ ಹೊತ್ತಿಗೆ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ.

ಪಂಚಾಯ್ತಿಯಲ್ಲಿ ಭೂಮಿ ಕೊಳ್ಳಲು ಹಣವಿರಲಿಲ್ಲ. ಕಾಂಕ್ರೀಟು ರಸ್ತೆಗೆ ಇತ್ತು, ಬಯಲಿಗೆ ಇರಲಿಲ್ಲ. ತಾಲ್ಲೂಕು ಕಚೇರಿಗೆ ಹೋಗಿ ಬಂದೆವು. ನಯವಾಗಿ ಕೂರಿಸಿ ಚಹಾ ಕೊಟ್ಟು ಕಳಿಸಿದರು. ಆಮೇಲೆ ಗ್ರಾಮಸಭೆ ಸೇರಿತು. ಸಾಹುಕಾರರು ತಡವಾಗಿ ಬಂದು, ಚಪ್ಪಲಿ ಬಿಡುವಷ್ಟರಲ್ಲೇ ಮಾತು ಶುರು ಮಾಡಿದರು.

ಹಿಂದಿನ ಕಾಲದಲ್ಲಿ ಸುಗ್ಗಿಗೆ ಕಣದಲ್ಲಿಯೇ ಬಡಿಗ, ಕಮ್ಮಾರ, ಕ್ಷೌರಿಕ, ಅಗಸ ಇವರಿಗೆಲ್ಲ ರಾಶಿಯಿಂದ ಕಾಳು ಅಳೆದು ಕೊಡುವ ಪದ್ಧತಿಯಿತ್ತು. ವರ್ಷವಿಡೀ ಊರಿಗೆ ದುಡಿದದ್ದಕ್ಕೆ ಅದು ಅವರ ಪಾಲು. ಅದಕ್ಕೆ ಆಯ ಎನ್ನುತ್ತಾರೆ. ನಮ್ಮ ಊರಿನಲ್ಲಿ ಅದು ನಿಂತುಹೋಗಿ ಎಲ್ಲರೂ ನಗದಿಗೆ ತಿರುಗಿದ್ದರು. ಸಾಹುಕಾರರು ಅದನ್ನೇ ಎತ್ತಿಕೊಂಡರು.

"ಕುಳ ಬಡಿದವಗ ಕೊಟ್ವಿ, ಗಡ್ಡ ಹೆರದವಗ ಕೊಟ್ವಿ. ಎಲ್ಲಾರಿಗಿಂತ ಹೆಚ್ಚು ದುಡಿದದ್ದು ಕೆರಿ. ಅದು ಒಂದು ದಿನಾರ ಕಣಕ್ಕ ಬಂದು ಸೆರಗು ಒಡ್ಡೇತೇನು? ಕೆರಿಗೂ ಒಂದು ಆಯ ಕೊಡೂಣು. ಎರಡು ಸುಗ್ಗಿ ಕೊಟ್ರ ಜಂಬು ಊರಿಂದಾಗ್ತೈತಿ."

ಕ್ಷೌರಿಕ ಹಿಂದಿನಿಂದ ಎದ್ದ. "ಸಾಹುಕಾರ್ರ, ನಾನ ಆಯ ಬಿಟ್ಟು ರೊಕ್ಕ ತಗೊಳ್ಳಾಕತ್ತೀನಿ. ಕೆರಿಗೂ ಒಂದು ರೇಟ್ ಬೋರ್ಡ್ ಬರೆಸ್ರಿ."

ಸಭೆ ಗೊಳ್ಳೆಂದಿತು.

"ನಿನ್ನ ಅಂಗಡಿಗೆ ನೀರು ಎಲ್ಲಿಂದ ಬರ್ತೈತಲೇ? ನಾಳಿಂದ ಮಂದಿಗೆ ಒಣ ಗಡ್ಡ ಹೆರೀತಿಯೇನು?"

ಕ್ಷೌರಿಕ ಕೂತ. ಅವನೇ ಮೊದಲು ಕೈ ಎತ್ತಿದ. ಹೊಲವಿದ್ದವರು ಎಕರೆಗೆ ಇಷ್ಟು ಬುಟ್ಟಿ ಎಂದೂ, ಹೊಲವಿಲ್ಲದವರು ಮನೆಗೆ ಒಂದು ಸೇರು ಎಂದೂ ತೀರ್ಮಾನವಾಯಿತು. ಕಾಳು ಪಂಚಾಯ್ತಿಗೆ, ಮಾರಿ ಬಂದ ಹಣದಿಂದ ಪಂಚಾಯ್ತಿ ಭೂಮಿ ಕೊಳ್ಳಬೇಕು, ಅದು ಎಂದೆಂದಿಗೂ ಬಯಲಾಗಿಯೇ ಇರಬೇಕು. ಸಾಹುಕಾರರ ತಮ್ಮ ಸಭೆಯಲ್ಲೇ ಬೆಲೆ ಹೇಳಿದ. ಅವತ್ತಿನ ಮಟ್ಟಿಗೆ ನ್ಯಾಯವಾದ ಬೆಲೆ. ಎರಡು ಸುಗ್ಗಿ ಕಾಯುವುದಾಗಿ ಮಾತು ಕೊಟ್ಟ. ಅವನು ಮಾತಾಡುವಷ್ಟು ಹೊತ್ತು ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದರು.

ಕೆಲಸವನ್ನು ಚೊಕ್ಕವಾಗಿ ಮುಗಿಸುವ ದಾರಿ ನನಗೆ ಹೊಳೆದಿತ್ತು. ಊರಿನ ಭತ್ತವೆಲ್ಲ ಹೇಗೂ ಗಿರಣಿಗೇ ಬರುತ್ತದೆ, ಅಲ್ಲೇ ಚೀಲಕ್ಕೆ ಇಷ್ಟು ಎಂದು ಮುರಿದುಕೊಂಡರೆ ಓಡಾಟ ತಪ್ಪುತ್ತದೆ ಎಂದೆ. ಅವರು ತಲೆಯಾಡಿಸಿದರು. "ಹಂಗ ಬ್ಯಾಡ್ರಿ. ಗೊತ್ತಿಲ್ದಂಗ ಕೊಟ್ಟದ್ದು ಕೊಟ್ಟದ್ದಲ್ಲ, ಕಿತ್ಕೊಂಡದ್ದು. ಹೊತ್ಕೊಂಡು ಬರಲಿ. ಬೆನ್ನಿಗೆ ಭಾರ ಗೊತ್ತಾಗಲಿ." ಗದ್ದೆಗಳಿಗೆ ಆಗಲೇ ಕಟಾವು ಯಂತ್ರ ಬಂದಿತ್ತು, ಕಣ ಬಿಕೋ ಎನ್ನುತ್ತಿತ್ತು. ಅವರ ಹಟದಿಂದ ಆ ವರ್ಷ ಊರು ಮತ್ತೆ ಕಣಕ್ಕೆ ಬಂತು. ಇಷ್ಟೇ ಅಲ್ಲ, ಕೆರೆಯ ಪಾಲಿನ ಒಂದು ಕಾಳನ್ನೂ ತಮ್ಮ ಗಿರಣಿಗೆ ಕೊಳ್ಳಲಿಲ್ಲ. ಕಂಪ್ಲಿಯ ಗಿರಣಿಗಳಿಗೆ ಕಳಿಸಿದರು. "ಕೊಂಡವನೂ ನಾನ, ರೊಕ್ಕ ತಗೊಂಡವನೂ ನಮ್ಮ ತಮ್ಮ ಅಂದ್ರ ಮಂದಿ ಏನಂದಾರು?"

ಆಯದ ಮೊದಲ ದಿನ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಳಿಗ್ಗೆ ಕಣ ಸಾರಿಸಿ, ಬಂದ ಕಾಳನ್ನು ನಡುವೆ ರಾಶಿ ಹಾಕಿದರು. ರಾಶಿ ಎಂದ ಮೇಲೆ ಪೂಜೆ ಬೇಡವೇ? ಯಾರೋ ಸುತ್ತ ವಿಭೂತಿಯ ಗೆರೆ ಎಳೆದರು, ಯಾರೋ ಕಾಯಿ ಒಡೆದರು. ಅಳೆಯುವವನು ಪದ್ಧತಿಯಂತೆ ಮೊದಲ ಸೇರಿಗೆ ಒಂದು ಎನ್ನದೆ 'ಲಾಭ' ಎಂದ. ಎಲ್ಲರ ಕಣ್ಣು ತುಂಬಿತು. ನಾನು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ರಾಶಿ ಅರ್ಧವಾಗಿತ್ತು!

ಕಳ್ಳತನವಲ್ಲ. ಪೂಜೆಯಾದ ರಾಶಿಯ ಮುಂದೆ ಕೈಯೊಡ್ಡಿದವರಿಗೆ ಇಲ್ಲ ಎನ್ನಬಾರದು ಎಂಬುದು ಒಕ್ಕಲಿಗರ ರಕ್ತದಲ್ಲಿ ಬಂದ ನಡತೆ. ಜೋಗತಿ ಬಂದಳು, ಅವಳಿಗೊಂದು ಬುಟ್ಟಿ. ಬುಡಬುಡಿಕೆಯವನು ಬಂದ, ಅವನಿಗೊಂದು. ಸುದ್ದಿ ಹರಡಿ ಪಕ್ಕದ ಊರಿನಿಂದಲೂ ಬಂದರು. ಕಾವಲಿಗೆ ನಿಂತ ರೈತರೇ ಮೊಗೆಮೊಗೆದು ಕೊಟ್ಟಿದ್ದರು. ಕೇಳಿದರೆ, "ರಾಶಿ ಮುಂದ ಇಲ್ಲ ಅನ್ನಾಕ ಬಾಯಿ ಹೆಂಗ ಬರ್ತೈತ್ರಿ ಸಾರ್?" ಎಂದರು. ನನಗೆ ಕೋಪ ಬಂತು. ಸಾಹುಕಾರರು ಕಣದ ನಡುವೆ ಕೂತು ಹೊಟ್ಟೆ ಹಿಡಿದು ನಕ್ಕರು. "ನಮ್ಮ ಕೆರಿ ಭಾಳ ದೊಡ್ಡ ಮನಸಿಂದಪಾ! ತನ್ನ ಊಟಕ್ಕ ಮೊದ್ಲ ದಾನ ಮಾಡಾಕ ನಿಂತೈತಿ." ಮರುದಿನದಿಂದ ರಾಶಿ ಹಾಕಲೇ ಇಲ್ಲ. ಬಂದ ಕಾಳು ಬಂದಂತೆ ಚೀಲಕ್ಕೆ ಹೋಯಿತು. ರಾಶಿಯಿಲ್ಲದಿದ್ದರೆ ಪೂಜೆಯಿಲ್ಲ, ಪೂಜೆಯಿಲ್ಲದಿದ್ದರೆ ದಾನದ ಹಂಗಿಲ್ಲ. ಹೋದ ಕಾಳಿನ ಬಗ್ಗೆ ಮಾತ್ರ ಅವರು ಮತ್ತೆ ಮಾತೆತ್ತಲಿಲ್ಲ.

ಅಳತೆಯ ವಿಷಯದಲ್ಲಿ ಅವರಷ್ಟು ಕಠಿಣರನ್ನು ನಾನು ನೋಡಿಲ್ಲ. ಸೇರಿನ ಬಾಯಿಗೆ ಕೋಲು ಎಳೆದು ಮಟ್ಟ ಮಾಡಿಯೇ ತೆಗೆದುಕೊಳ್ಳುತ್ತಿದ್ದರು. ದೊಡ್ಡ ರೈತನೊಬ್ಬ ಗೋಪುರದಂತೆ ತುಂಬಿ ತಂದರೂ ಕೋಲು, ನಾಟಿ ಕೂಲಿಯ ಮುದುಕಿ ಪುಣ್ಯ ಬರಲೆಂದು ತುಂಬಿ ತಂದರೂ ಕೋಲು. ಉಳಿದದ್ದನ್ನು ಮುದುಕಿಯ ಉಡಿಗೇ ಸುರಿದು, "ಬ್ಯಾಡವ್ವ, ನಿನ್ನ ಸೇರೂ ಬಾಯಿಮಟ್ಟ, ಗೌಡನ ಸೇರೂ ಬಾಯಿಮಟ್ಟ. ಹೆಚ್ಚು ಕೊಟ್ಟೋರು ಮುಂದ ಹೆಚ್ಚು ಮಾತಾಡ್ತಾರ" ಎಂದರು. ಆ ಮುದುಕಿ ಕಣದಿಂದ ಇಳಿದು ಹೋದ ನಡಿಗೆ ನನ್ನ ಕಣ್ಣಿನಲ್ಲಿದೆ. ಜಮೀನು ಕೊಂಡವರು ನಡೆಯುವ ಹಾಗೆಯೇ ನಡೆದಳು.

ಮೊದಲ ಸುಗ್ಗಿ ಮುಗಿದ ಮೇಲೆ ಗಣಿಯ ಧಣಿಯೊಬ್ಬರು ತಾವೇ ಬಂದರು. ಬಿಳಿ ಕಾರು, ಹಿಂದೆ ಮತ್ತೊಂದು ಕಾರು. ಯಾರ್ಡು ಬಯಸಿದವರು ಇವರಲ್ಲ. ಇವರಿಗೆ ಹೆಸರು ಬೇಕಿತ್ತು. ಗಿರಣಿಯ ಅಂಗಳದಲ್ಲಿ ಮಂಡಾಳ, ಎಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ತರಿಸಿದರು ಸಾಹುಕಾರರು. ಧಣಿ ಒಂದು ಮಿರ್ಚಿ ಮುರಿದು, ಬಹಳ ಒಳ್ಳೆಯ ಮಾತಾಡಿದರು. ಇಡೀ ಬಯಲಿನ ಹಣ ತಾವೇ ಕೊಡುತ್ತೇವೆ, ಇಂದೇ ಕೊಡುತ್ತೇವೆ, ಜನರ ಕಾಳಿನ ಹಣ ಅವರವರ ಮನೆಗೆ ವಾಪಸ್ ಹೋಗಲಿ ಎಂದರು. ಕೆರೆಯ ಬಾಯಲ್ಲಿ ಒಂದು ಕಮಾನು, ಕಮಾನಿನ ಮೇಲೆ ತಮ್ಮ ತಂದೆಯವರ ಹೆಸರು. ಅಷ್ಟೇ.

ಸುತ್ತ ನಿಂತವರ ಮುಖ ಅರಳಿತು. ನನಗೂ ಇದು ಸರಿಯೆನಿಸಿತ್ತು. ಸಾಹುಕಾರರು ಮಂಡಾಳದ ತಟ್ಟೆಯನ್ನು ಧಣಿಯ ಕಡೆಗೆ ಸರಿಸಿದರು.

"ಧಣ್ಯಾರ, ನೀವು ಕೊಡಬೇಕು ಅಂದದ್ದು ದೊಡ್ಡ ಮಾತು. ಕೊಡ್ರಿ. ಈ ಊರಾಗ ಹೊಲ ಇಲ್ಲದೋರೆಲ್ಲಾ ಒಂದೊಂದು ಸೇರು ಕೊಡಾಕತ್ತಾರ, ನಿಮಗೂ ಇಲ್ಲಿ ಹೊಲ ಇಲ್ಲ, ನೀವೂ ಒಂದು ಸೇರು ಕೊಡ್ರಿ."

ಧಣಿ ನಕ್ಕರು. ತಮಾಷೆ ಎಂದುಕೊಂಡಿರಬೇಕು.

"ನಗಬ್ಯಾಡ್ರಿ. ಬಾಯಿಮಟ್ಟ. ಲೆಕ್ಕಕ್ಕಿಂತ ಹೆಚ್ಚಿಗೆ ಯಾರ ಕಡೆಯಿಂದಲೂ ತಗೊಂಡಿಲ್ಲ."

ಕಾರುಗಳು ಹೋದವು. ಆ ಮೇಲಿನ ದಿನಗಳು ಸುಲಭದವಲ್ಲ. ಬಂದ ಲಕ್ಷ್ಮಿಯನ್ನು ಒದ್ದರು ಎಂದು ಊರು ಅವರ ಹಿಂದೆಯೂ ಎದುರಿಗೂ ಆಡಿಕೊಂಡಿತು. "ಸಾಹುಕಾರ್ರಿಗೆ ತೌಡು ತಲಿಗೆ ಏರೈತಿ" ಎಂದು ಕ್ಷೌರದ ಅಂಗಡಿಯಲ್ಲಿ ನಾನೇ ಕೇಳಿದೆ. ಯಾಕೆ ಹೀಗೆ ಮಾಡಿದಿರಿ ಎಂದು ಏರಿಯ ಮೇಲೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಕಮಾನು ಹಾಕಿಸಿದವ ನಾಳೆ ಕಮಾನಿನ ಕೆಳಗ ಲಾರಿ ಬಿಡ್ತೀನಂದ್ರ, ಬ್ಯಾಡ ಅನ್ನೋ ಬಾಯಿ ಯಾರಿಗೈತ್ರಿ?"

ಎರಡನೆಯ ಸುಗ್ಗಿ ಹತ್ತಿರ ಬರುವ ಹೊತ್ತಿಗೆ ಅದಿರಿನ ಬೆಲೆ ಮತ್ತೂ ಏರಿತು. ಯಾರ್ಡಿನವರು ಬಿಟ್ಟಿರಲಿಲ್ಲ. ನೇರ ತಮ್ಮನ ಮನೆಗೆ ಬಂದು, ಊರು ಹೇಳಿದ ಬೆಲೆಯ ಎರಡರಷ್ಟು ಕೊಡುವುದಾಗಿ ಹೇಳಿ ಹೋದರು.

ಅಂದು ನಾನು ಅಕ್ಕಿ ಒಯ್ಯಲು ಗಿರಣಿಗೆ ಹೋಗಿದ್ದೆ. ಕರೆಂಟು ಹೋಗಿ ಗಿರಣಿ ನಿಂತಿತ್ತು. ತಮ್ಮ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಎಂದಿನಂತೆ ಕೂಡಲಿಲ್ಲ. ನಾನು ಎದ್ದು ಹೋಗಲು ನೋಡಿದೆ, "ಕುಂದ್ರಿ ಮಾಸ್ತರ್ರ" ಎಂದು ಸಾಹುಕಾರರು ತಡೆದರು.

"ಅಣ್ಣ, ನಾನು ಏನ್ ಮಾಡ್ಲಿ?"

"ಏನಾತು?"

"ಎರಡು ಪಟ್ಟು ಅಂತಾರ. ಇಬ್ಬರು ಹೆಣ್ಮಕ್ಕಳ ಮದುವಿ ಐತಿ. ಮನ್ಯಾಗ ಆಕಿ ನನ್ನ ಜತಿ ಮಾತಾಡವಲ್ಲಳು." ಅವನು ಒಂದು ಹೆಜ್ಜೆ ಒಳಗಿಟ್ಟ. "ನೀವು ಒಂದು ಮಾತು ಹೇಳ್ರಿ. ಊರಿಗೆ ಕೊಡು ಅಂದ್ರ ಕೊಡ್ತೀನಿ. ಪುಕ್ಕಟೆ ಕೊಡು ಅಂದ್ರ ಪುಕ್ಕಟೆ ಕೊಡ್ತೀನಿ. ಇವತ್ತಿನ ತನಕ ನಿಮ್ಮ ಮಾತು ದಾಟಿಲ್ಲ."

"ದಾಟಿಲ್ಲ. ಅದಕ್ಕ ಹೇಳವಲ್ಲೆ."

"ಅಣ್ಣ..."

"ನಾನು ಹೇಳಿ ನೀನು ಕೊಟ್ರ, ನಾಳೆ ಮಗಳಿಗೆ ಒಂದು ಸೀರಿ ಕಡಿಮಿ ಆದ್ರೂ ನಿನಗ ಈ ಜಂಬು ನೆನಪಾಗ್ತೈತಿ. ನೆನಪಾದಾಗೆಲ್ಲ ನನ್ನ ಮುಖ ಕಾಣ್ತೈತಿ. ಭೂಮಿ ನಿಂದು. ನಿನ್ನ ಮನಸಿಗೆ ಬಂದಂಗ ಮಾಡು. ಯಾರ್ಡಿನೋರಿಗೆ ಮಾರಿದ್ರೂ ದೀಪಾವಳಿಗೆ ನಿನ್ನ ಪಂಕ್ತಿಯಾಗ ಉಣ್ಣಾಕ ಕುಂದಿರ್ತೀನಿ."

"ಬೈರಿ ಅಣ್ಣ. ಒಂದೀಟು ಬೈದರ ಬೈರಿ."

"ಬಯ್ಯಂಗಿಲ್ಲ."

ತಮ್ಮ ಹೊರಟುಹೋದ. ಸಾಹುಕಾರರು ಕೈಯಲ್ಲಿದ್ದ ಭತ್ತದ ಕಾಳುಗಳನ್ನು ಉಜ್ಜುತ್ತಲೇ ಇದ್ದರು. ಹೊಟ್ಟೆಲ್ಲ ಹೋಗಿ, ಅಕ್ಕಿಯೂ ನುರಿದು ಹಿಟ್ಟಾಗಿತ್ತು.

"ಹೇಳಿಬಿಡ್ತಿದ್ದೆ ಮಾಸ್ತರ್ರ," ಎಂದರು. "ನಾಲಿಗಿ ತುದಿಗೆ ಬಂದಿತ್ತು."

ನಾನು ಜೀವನವಿಡೀ ಆಜ್ಞೆ ಕೊಟ್ಟು ಕೆಲಸ ಮಾಡಿಸಿದವನು. ಘಂಟೆ ಹೊಡೆಸಿದರೆ ನೂರಾರು ಮಕ್ಕಳು ಸಾಲಾಗಿ ನಿಲ್ಲುವುದನ್ನು ನೋಡಿ ಸಂತೋಷಪಟ್ಟವನು. ಕೈಯಲ್ಲಿ ಪೂರ್ತಿ ಅಧಿಕಾರವಿದ್ದೂ, ಒಳ್ಳೆಯದಕ್ಕೇ ಆದರೂ, ಅದನ್ನು ಬಳಸದೆ ಬಾಯಿ ಬಿಗಿದು ಕೂತ ಮನುಷ್ಯನನ್ನು ಅಂದು ಮೊದಲು ನೋಡಿದೆ. ಆ ಮೇಲೆಯೂ ನೋಡಿಲ್ಲ. ಕೆರೆ ಹೋದರೆ ಅವರ ಎದೆ ಒಡೆಯುತ್ತಿತ್ತು, ಅದು ನನಗೆ ಗೊತ್ತಿತ್ತು. ಅದನ್ನು ಉಳಿಸುವ ಒಂದೇ ಮಾತು ಅವರ ಬಳಿ ಇತ್ತು. ಆ ಮಾತಿನಿಂದ ಉಳಿದರೆ ಅದು ಉಳಿದಂತಲ್ಲ ಎಂದು ಅವರು ನಂಬಿದ್ದರು.

ಎರಡು ದಿನದಲ್ಲಿ ಮತ್ತೆ ಗ್ರಾಮಸಭೆ. ಸಾಹುಕಾರರು ಎದ್ದು ನಿಂತು ಯಾರ್ಡಿನವರು ಹೇಳಿದ ಬೆಲೆಯನ್ನು ಎಲ್ಲರಿಗೂ ತಿಳಿಸಿದರು. ಮುಚ್ಚಿಡಬೇಕೆಂದು ಪಂಚಾಯ್ತಿ ಅಧ್ಯಕ್ಷೆ ಕಣ್ಸನ್ನೆ ಮಾಡಿದರೂ ಬಿಡಲಿಲ್ಲ.

"ಅಷ್ಟು ನಮಗ ಆಗಂಗಿಲ್ಲ. ಆದ್ರ ಎರಡರ ಬದಲು ಮೂರು ಸುಗ್ಗಿ ಆಯ ಕೊಟ್ರ ಅವನಿಗೆ ಸ್ವಲ್ಪ ನ್ಯಾಯ ಸಿಗ್ತೈತಿ. ಕೊಡ್ತೀರೋ ಇಲ್ಲೋ ನೀವ ಹೇಳ್ರಿ. ಕೊಟ್ಟ ಮ್ಯಾಲೂ ಅವ ಬ್ಯಾಡ ಅಂದ್ರ, ಯಾರೂ ಅವನ ಮನಿ ಮುಂದ ನಿಂತು ಒಂದು ಮಾತು ಆಡಬಾರದು. ರೊಕ್ಕ ತಗೊಳ್ಳೋನು ನನ್ನ ತಮ್ಮ, ನಾನು ಇಲ್ಲಿ ಕೈ ಎತ್ತಬಾರದು. ನಾನು ಹೊರಗ ಇರ್ತೀನಿ."

ಹೇಳಿ ಹೊರಟೇಬಿಟ್ಟರು. ಪಂಚಾಯ್ತಿ ಕಟ್ಟಡದ ಹೊರಗಿನ ಬೇವಿನ ಮರದ ಕೆಳಗೆ ನಮ್ಮ ಕಡೆಗೆ ಬೆನ್ನು ಮಾಡಿ ನಿಂತರು.

ಒಳಗೆ ಗದ್ದಲ ಹತ್ತಿತು. ಸಾಲ ಮಾಡಿ ಟಿಪ್ಪರು ತಂದಿದ್ದ ಯುವಕನೊಬ್ಬ, ಯಾರ್ಡು ಬಂದರೆ ತನ್ನ ಗಾಡಿಗೆ ಕೆಲಸ ಸಿಗುತ್ತದೆ, ಹುಲ್ಲಿನಿಂದ ಏನು ಸಿಗುತ್ತದೆ ಎಂದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಅಧ್ಯಕ್ಷೆ ಎಮ್ಮೆ ಕಟ್ಟಿ ಹಾಲು ಮಾರುವ ಹೆಂಗಸು. ಮಾತು ಕಡಿಮೆ, ಅವತ್ತು ಆಡಿದಳು. "ನಿನ್ನ ಗಾಡಿ ಡೀಸೆಲ್ ಕುಡೀತೈತಪ್ಪ, ನನ್ನ ಎಮ್ಮಿ ಏನ್ ಕುಡೀಬೇಕು?" ಎಲ್ಲರೂ ನಕ್ಕರು. ಒಂದು ಸೇರಿನ ಮುದುಕಿ ಕೂತಲ್ಲಿಂದಲೇ ಕೈ ಎತ್ತಿದಳು. ಅವಳ ಹಿಂದೆ ಹೆಂಗಸರ ಸಾಲು. ಗಂಡಸರು ಹೆಂಗಸರ ಕಡೆ ನೋಡಿ, ಒಬ್ಬರನ್ನೊಬ್ಬರು ನೋಡಿ, ಎತ್ತಿದರು. ಎತ್ತದೆ ಕೂತವರೂ ಇದ್ದರು, ಟಿಪ್ಪರಿನ ಯುವಕನೂ ಅವರಲ್ಲೊಬ್ಬ. ಆದರೆ ಮೂರನೆಯ ಸುಗ್ಗಿಯ ಆಯ ಪಾಸಾಯಿತು.

ನಾನು ಬೇವಿನ ಮರದ ಕಡೆ ನಡೆದೆ. ಹೆಜ್ಜೆಯ ಸದ್ದಿಗೆ ಅವರು ತಿರುಗಲಿಲ್ಲ.

"ಎತ್ತಿದ್ರ?"

"ಎತ್ತಿದರು."

ಅವರ ಬೆನ್ನು ಒಮ್ಮೆ ಇಳಿದು ಏರಿತು. "ಶಿವಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವ ಹೋಗಿ ನಮ್ಮ ತಮ್ಮಗ ಹೇಳ್ರಿ ಮಾಸ್ತರ್ರ. ನಾನು ಹೋದ್ರ ಅಣ್ಣ ಹೇಳಿದಂಗಾಗ್ತೈತಿ" ಎಂದರು.

ತಮ್ಮ ಸಭೆಗೆ ಬಂದಿರಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬಾಗಿಲ ಹಿಂದೆ ಅವನ ಹೆಂಡತಿಯ ಸೀರೆಯ ಅಂಚು ಕಾಣುತ್ತಿತ್ತು. ನಾನು ಸಭೆಯಲ್ಲಿ ನಡೆದದ್ದನ್ನು ಇದ್ದಂತೆ ಹೇಳಿದೆ. ಮೂರು ಸುಗ್ಗಿ ಸೇರಿದರೂ ಯಾರ್ಡಿನವರ ಬೆಲೆಗೆ ಕಡಿಮೆಯೇ ಎಂಬುದನ್ನೂ ಹೇಳಿದೆ.

"ಅಣ್ಣ ಏನಂದ್ರು?"

"ಏನೂ ಅನ್ನಲಿಲ್ಲ."

"ಏನೂ ಅನ್ಲಿಲ್ಲ?"

"ಇಲ್ಲ. ಕೈಯನ್ನೂ ಎತ್ತಲಿಲ್ಲ. ಹೊರಗೆ ನಿಂತಿದ್ದರು."

ಅವನು ಒಳಗೆ ನೋಡಿದ. ಬಾಗಿಲ ಹಿಂದಿನಿಂದ ಆಕೆ ಮೆಲ್ಲಗೆ, "ಊರಾಗ ನಾವೂ ಇರಬೇಕಲ್ಲ" ಎಂದಳು. ಅವನು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ.

"ನಡೀರಿ ಸಾರ್, ಸಭಿ ಮುಗಿಯೋದ್ರಾಗ ನಾನ ಬಂದು ಹೇಳ್ತೀನಿ. ಊರಿಗೇ ಕೊಡ್ತೀನಿ. ಆದ್ರ ಮೂರನೇ ಸುಗ್ಗಿ ಬಿಡಂಗಿಲ್ಲ, ಪೂರಾ ತಗೊಂತೀನಿ. ಒಂದು ಸೇರು ಬಿಟ್ಟುಕೊಟ್ರೂ, ತನ್ನ ಸಲುವಾಗಿ ಬಿಟ್ಟ ಅಂತ ನಮ್ಮಣ್ಣ ನನ್ನ ಮನಿ ನೀರು ಮುಟ್ಟಂಗಿಲ್ಲ."